ರಜೆಯ ದಿನದ ಕರೆ: ಎತ್ತಬೇಕಾದವರು ಯಾರು?

ಭಾನುವಾರ ಮಧ್ಯಾಹ್ನ ನೀವು ಊಟಕ್ಕೆ ಕುಳಿತಿದ್ದೀರಿ. ಫೋನು ಬಡಿದುಕೊಳ್ಳುತ್ತದೆ. “ಸಾರ್, ಒಂದೇ ನಿಮಿಷ, ಆ ಫೈಲು ಎಲ್ಲಿಟ್ಟಿದ್ದೀರಿ?” ನೀವು ಹೇಳುತ್ತೀರಿ. ಮಾತು ನಿಜಕ್ಕೂ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಸಂಬಳ ಕೊಡುವ ಸಂಸ್ಥೆಗೆ ರಜೆಯ ದಿನ ಒಂದು ನಿಮಿಷ ಕೊಡಲಾರಿರಾ ಎಂದು ಮೇಲಧಿಕಾರಿ ಕೇಳಿದರೆ ಉತ್ತರಿಸುವುದು ಕಷ್ಟ. ಏಕೆಂದರೆ ಅವರು ಪ್ರಶ್ನೆಯನ್ನು ನಿಮಿಷದ ಲೆಕ್ಕದಲ್ಲಿ ಕೇಳಿದ್ದಾರೆ. ಆ ಲೆಕ್ಕವೇ ಸರಿಯಲ್ಲ ಎಂಬುದು ನನ್ನ ವಾದ.

ಮನೆಮನೆಗೆ ದೂರವಾಣಿ ಇಲ್ಲದ ಕಾಲವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ವಿಸಿಟಿಂಗ್ ಕಾರ್ಡಿನಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಎಂದು ಅಚ್ಚಾಗಿರುತ್ತಿತ್ತು. ಅಂದರೆ ಅದು ನೆರೆಮನೆಯವರ ಫೋನು, ಅವರು ಕರೆದುಕೊಡುತ್ತಾರೆ ಎಂದರ್ಥ. ರಜೆಯಲ್ಲಿರುವವರು ಬೇಕೆಂದರೆ ಕಚೇರಿಯವರು ಆ ನೆರೆಯವರ ಮುಲಾಜಿಗೆ ಬೀಳಬೇಕಿತ್ತು. ಪರಊರಿಗೆ ಹೋಗಿದ್ದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಅಷ್ಟು ತೊಂದರೆ ತೆಗೆದುಕೊಳ್ಳಲು ಕಾರಣವೂ ದೊಡ್ಡದಿರಬೇಕಿತ್ತು. ಫೈಲು ಹುಡುಕುವ ಕೆಲಸವೆಲ್ಲ ಸೋಮವಾರದವರೆಗೆ ತಾನಾಗಿ ಕಾಯುತ್ತಿತ್ತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಮೊದಲ ಕೆಲವು ವರ್ಷ ಬರುವ ಕರೆಗೂ ದುಡ್ಡು ತೆರಬೇಕಿದ್ದುದರಿಂದ ಜನ ಹಿಡಿತದಲ್ಲಿ ಮಾತನಾಡುತ್ತಿದ್ದರು. ಇಂದು ಕರೆಯುವವರಿಗೆ ಶ್ರಮವೂ ಇಲ್ಲ, ಖರ್ಚೂ ಇಲ್ಲ. ಹಾಗೆಂದು ತೊಂದರೆ ಮಾಯವಾಗಲಿಲ್ಲ, ಕರೆ ಎತ್ತುವವರ ಪಾಲಿಗೆ ಬಂತು, ಅಷ್ಟೆ.

ಎಷ್ಟು ತೊಂದರೆ? ವಿಜ್ಞಾನ ಓದಿದ ನನಗೆ ಇಂಥಲ್ಲಿ ಅಳತೆ ಬೇಕೆನಿಸುತ್ತದೆ. ಅಳೆದವರಿದ್ದಾರೆ. ಆಧುನಿಕ ಹಡಗುಗಳಲ್ಲಿ ರಾತ್ರಿ ಎಂಜಿನ್ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಸರದಿಯ ಎಂಜಿನಿಯರು ತಮ್ಮ ಕೋಣೆಯಲ್ಲಿ ಮಲಗಿರುತ್ತಾರೆ, ದೋಷ ಕಂಡರೆ ಅಲಾರಾಂ ಬಡಿದು ಎಬ್ಬಿಸುತ್ತದೆ. ಸ್ವೀಡನ್ನಿನ ಸಂಶೋಧಕರಾದ ಟೋರ್ಸ್‌ವಾಲ್ ಮತ್ತು ಓಕರ್‌ಸ್ಟೆಟ್ ಇಂಥ ಎಂಜಿನಿಯರುಗಳು ನಿದ್ರಿಸುವಾಗ ಅವರ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರದಿಯ ರಾತ್ರಿಗಳಲ್ಲಿ ಗಾಢನಿದ್ರೆಯ ಪಾಲು ಕಡಿಮೆಯಾಗಿತ್ತು, ಹೃದಯ ಬಡಿತ ಹೆಚ್ಚಿತ್ತು. ಅಲಾರಾಂ ಬಡಿದ ಮೇಲೆ ಹೀಗಾಗುವುದು ಸಹಜ. ಆದರೆ ಅದು ಬಡಿಯುವ ಮೊದಲೇ, ಬಡಿಯಬಹುದೆಂಬ ನಿರೀಕ್ಷೆಯಲ್ಲೇ, ನಿದ್ದೆ ತೆಳ್ಳಗಾಗಿತ್ತು. ಅಂದಮೇಲೆ ಒಂದು ನಿಮಿಷದ ಕರೆಗೆ ನೌಕರರು ತೆರುವುದು ಒಂದು ನಿಮಿಷವನ್ನಲ್ಲ, ಅದರ ಹಿಂದೆಮುಂದೆ ಕಾದ ಹೊತ್ತನ್ನೆಲ್ಲ.

ಕಾಯುವುದು ಕೆಲಸವೇ, ಬಿಡುವೇ? ಈ ಪ್ರಶ್ನೆ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋದ ಒಂದು ಮೊಕದ್ದಮೆ ನಮ್ಮ ಟೆಲಿವಿಷನ್ ವೃತ್ತಿಯದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಲೊವೇನಿಯಾದ ಬೆಟ್ಟಗಳ ಮೇಲಿನ ಪ್ರಸಾರ ಕೇಂದ್ರಗಳಲ್ಲಿ ಒಬ್ಬ ತಂತ್ರಜ್ಞ 2008ರಿಂದ 2015ರವರೆಗೆ ದುಡಿದ. ಟ್ರಾನ್ಸ್‌ಮಿಟರ್ ಇರುವಲ್ಲಿಗೆ ಮನೆಯಿಂದ ದಿನಾ ಓಡಾಡುವಂತಿರಲಿಲ್ಲ, ಆದ್ದರಿಂದ ವಸತಿ ಅಲ್ಲೇ. ದಿನಕ್ಕೆ 12 ಗಂಟೆ ಕೆಲಸ, ಅದಕ್ಕೆ ಪೂರ್ಣ ಸಂಬಳ. ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ವಿಶ್ರಾಂತಿ. ಉಳಿದ 6 ಗಂಟೆ ಅವನು ಎಲ್ಲಿಗಾದರೂ ಹೋಗಬಹುದು, ಆದರೆ ಫೋನಿನಲ್ಲಿ ಸಿಗಬೇಕು, ಕರೆದರೆ ಒಂದು ಗಂಟೆಯೊಳಗೆ ಕೇಂದ್ರದಲ್ಲಿರಬೇಕು. ಈ ಆರು ಗಂಟೆಗೆ ಮೂಲ ಸಂಬಳದ ಶೇಕಡಾ 20. ಬೆಟ್ಟದ ಮೇಲೆ ಮಾಡಲು ಬೇರೇನಿದೆ, ನಾನು ಕೇಂದ್ರದಲ್ಲೇ ಇರುತ್ತಿದ್ದೆ, ಆ ಹೊತ್ತನ್ನೂ ಕೆಲಸವೆಂದೇ ಎಣಿಸಿ ಎಂದು ಅವನು ಕೇಳಿದ.

2021ರ ಮಾರ್ಚ್ 9ರಂದು ಬಂದ ತೀರ್ಪು ಅವನ ಆ ವಾದವನ್ನು ಒಪ್ಪಲಿಲ್ಲ. ಬೆಟ್ಟದಲ್ಲಿ ಮನರಂಜನೆ ಸಿಗದಿರುವುದಕ್ಕೆ ಉದ್ಯೋಗದಾತರು ಹೊಣೆಯಲ್ಲ ಎಂದಿತು ನ್ಯಾಯಾಲಯ. ಆದರೆ ಜೊತೆಗೇ ಒಂದು ಅಳತೆಗೋಲನ್ನು ಕೊಟ್ಟಿತು: ಕರೆಗೆ ಓಗೊಡಲು ಹಾಕಿದ ಕಟ್ಟುಪಾಡು ನೌಕರನು ತನ್ನ ಹೊತ್ತನ್ನು ತನ್ನಿಷ್ಟದಂತೆ ಕಳೆಯಲು ಬಹಳವಾಗಿ ಅಡ್ಡಬರುವಂತಿದ್ದರೆ, ಕಾದ ಅಷ್ಟೂ ಹೊತ್ತು ಕೆಲಸದ ಹೊತ್ತೇ. ಇದೇ ನ್ಯಾಯಾಲಯ 2018ರಲ್ಲಿ ಬೆಲ್ಜಿಯಂನ ನಿವೆಲ್ ಪಟ್ಟಣದ ಅಗ್ನಿಶಾಮಕ ಸಿಬ್ಬಂದಿಯೊಬ್ಬನ ಬಗ್ಗೆ ಹೀಗೆಯೇ ತೀರ್ಮಾನಿಸಿತ್ತು. ಅವನು ಮನೆಯಲ್ಲೇ ಇರಬಹುದಿತ್ತು, ಆದರೆ ಕರೆ ಬಂದ 8 ನಿಮಿಷದೊಳಗೆ ಠಾಣೆ ಮುಟ್ಟಬೇಕಿತ್ತು. ಎಂಟು ನಿಮಿಷದ ಹಗ್ಗ ಕಟ್ಟಿಕೊಂಡವರು ಸಂತೆಗಾದರೂ ಹೋದಾರೆಯೆ?

ಈಗ ನಿಮ್ಮ ಕಚೇರಿಯ ವಾಟ್ಸಾಪ್ ಗುಂಪನ್ನು ನೋಡಿ. ಅಲ್ಲಿ ಎಂಟು ನಿಮಿಷ ಎಂದು ಯಾರೂ ಬರೆದಿಲ್ಲ. ಆದರೆ ರಾತ್ರಿ ಹತ್ತಕ್ಕೆ ಸಾಹೇಬರ ಸಂದೇಶ ಬಂದು, ನೀಲಿ ಗುರುತು ಬಿದ್ದು, ನಿಮ್ಮಿಂದ ಉತ್ತರ ಹೋಗದಿದ್ದರೆ ಬೆಳಿಗ್ಗೆ ಏನಾಗುತ್ತದೆಂದು ನಿಮಗೆ ಗೊತ್ತು. ಬರೆದಿಟ್ಟ ನಿಯಮಕ್ಕಿಂತ ಇದು ಬಿಗಿ. “ನಾಳೆ ನೋಡಿದರೆ ಸಾಕು” ಎಂದು ಅವರು ಸೇರಿಸಿದ್ದರೂ ಓದಿದವರ ತಲೆಯಲ್ಲಿ ಕೆಲಸ ಇವತ್ತೇ ಶುರುವಾಗಿರುತ್ತದೆ. ಫೋನು ಆಫ್ ಮಾಡಿ ನೆಮ್ಮದಿಯಾಗಿರಿ ಎಂಬ ಉಪದೇಶ ಕೊಡುವವರು ಸಾಮಾನ್ಯವಾಗಿ ಹಿರಿಯ ಹುದ್ದೆಯವರು. ಪ್ರೊಬೇಷನ್ನಿನಲ್ಲಿರುವ ಹುಡುಗಿ ಹಾಗೆ ಮಾಡಲಾರಳು. ಅದಕ್ಕಾಗಿಯೇ ಕೆಲವು ದೇಶಗಳು ಇದನ್ನು ನೌಕರರ ಧೈರ್ಯಕ್ಕೆ ಬಿಡದೆ ಕಾನೂನಿಗೆ ತಂದವು.

ಫ್ರಾನ್ಸಿನಲ್ಲಿ ಆ್ಯಂಬುಲೆನ್ಸ್ ಚಾಲಕನೊಬ್ಬ ಕೆಲಸದ ಹೊತ್ತಿನಾಚೆ ತನ್ನ ಸ್ವಂತ ಮೊಬೈಲಿನಲ್ಲಿ ಸಿಗಲಿಲ್ಲವೆಂದು ಕೆಲಸ ಕಳೆದುಕೊಂಡಿದ್ದ. ಅದು ತಪ್ಪೇ ಅಲ್ಲ ಎಂದು 2004ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಹೇಳಿತು. 2017ರ ಜನವರಿಯಿಂದ ಅಲ್ಲಿ 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳು ‘ಸಂಪರ್ಕ ಕಡಿದುಕೊಳ್ಳುವ ಹಕ್ಕಿ’ನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕಾಯಿತು. ಪೋರ್ಚುಗಲ್ ತನ್ನ 2021ರ ಕಾನೂನಿನಲ್ಲಿ ಹೊಣೆಯನ್ನು ತಿರುಗಿಸಿಟ್ಟಿತು: ವಿಶ್ರಾಂತಿಯ ಹೊತ್ತಿನಲ್ಲಿ ಕರೆ ಮಾಡದಿರುವುದು ಮಾಲೀಕರ ಕರ್ತವ್ಯ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ನೌಕರರು ಉತ್ತರಿಸದೆ ಇರಬಹುದು, ನಿರಾಕರಣೆ ಅಸಮಂಜಸವಾಗಿರಬಾರದು ಅಷ್ಟೆ. ಕರೆಯ ಕಾರಣವೇನು, ಅದಕ್ಕೆ ಸಂಬಳ ಉಂಟೆ, ಹುದ್ದೆ ಎಂಥದು, ಮನೆಯ ಪರಿಸ್ಥಿತಿ ಹೇಗೆ ಎಂಬುದನ್ನೆಲ್ಲ ತೂಗಿ ನೋಡುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಜರ್ಮನಿಯ ಡೈಮ್ಲರ್ ಕಂಪನಿ 2014ರಲ್ಲಿ ತಂದ ಏರ್ಪಾಡು. ರಜೆಯಲ್ಲಿರುವವರಿಗೆ ಬಂದ ಇ-ಮೇಲನ್ನು ಯಂತ್ರವೇ ಅಳಿಸಿ, ಇಂಥವರನ್ನು ಸಂಪರ್ಕಿಸಿ ಎಂದು ಕಳಿಸಿದವರಿಗೆ ತಿಳಿಸುತ್ತಿತ್ತು. ರಜೆ ಮುಗಿಸಿ ಬಂದವರಿಗೆ ರಾಶಿ ಕಾದಿರುತ್ತಿರಲಿಲ್ಲ.

ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥ ಮಸೂದೆ ಮಂಡಿಸಿದರು, 2025ರ ಡಿಸೆಂಬರಿನಲ್ಲಿ ಮತ್ತೆ ಮಂಡಿಸಿದರು. ಎರಡೂ ಖಾಸಗಿ ಸದಸ್ಯರ ಮಸೂದೆಗಳು. ಅಂಥದೊಂದು ಎರಡೂ ಸದನ ದಾಟಿ ಕಾನೂನಾದದ್ದು 1970ರಲ್ಲೇ ಕೊನೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಗೆರೆ ಎಳೆದು, ಮೀರಿದ್ದಕ್ಕೆ ದುಪ್ಪಟ್ಟು ಕೂಲಿ ಎಂದಿತು. ಆದರೆ ಅದು ಬರೆದದ್ದು ಅಂಗಡಿಯ ಬಾಗಿಲು ಹಾಕಿದರೆ ಕೆಲಸ ಮುಗಿಯುತ್ತಿದ್ದ ದಿನಗಳಲ್ಲಿ. ಜೇಬಿನಲ್ಲಿ ಮನೆಗೆ ಬರುವ ಕೆಲಸವನ್ನು ಅದು ಊಹಿಸಿರಲಿಲ್ಲ.

ಹಾಗಾದರೆ ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ? ಆಸ್ಪತ್ರೆಗೆ ಬಸುರಿ ಬಂದರೆ? ಕೇಳಬೇಕಾದ ಪ್ರಶ್ನೆಯೇ. ಗಮನಿಸಿ, ನಿಜವಾದ ತುರ್ತು ಇರುವ ಕಡೆಯೆಲ್ಲ ಸರದಿ ಇದ್ದೇ ಇದೆ. ಲೈನ್‌ಮನ್‌ಗೆ ಪಾಳಿ ಇದೆ, ದಾದಿಗೆ ಪಾಳಿ ಇದೆ, ಪ್ರಸಾರ ಕೇಂದ್ರದಲ್ಲಿ ಡ್ಯೂಟಿ ಚಾರ್ಟ್ ಗೋಡೆಯ ಮೇಲಿದೆ. ಸರದಿಯಲ್ಲದವರನ್ನು ಎಬ್ಬಿಸುವ ಪ್ರಸಂಗ ವರ್ಷಕ್ಕೆ ಒಮ್ಮೆಯೋ ಎರಡು ಬಾರಿಯೋ ಬರಬಹುದು, ಆಗ ಯಾರೂ ಬೇಸರಪಡುವುದಿಲ್ಲ. ಕಾಟ ಕೊಡುವುದು ಫೈಲು, ಪಾಸ್‌ವರ್ಡು, ಬೀರುವಿನ ಕೀಲಿಕೈಯ ಕರೆಗಳು. ಇವು ತುರ್ತಿನಿಂದ ಹುಟ್ಟಿದವಲ್ಲ. ಒಂದು ಕಚೇರಿಯ ತಿಳಿವಳಿಕೆಯೆಲ್ಲ ಒಬ್ಬರ ತಲೆಯಲ್ಲಿ ಕುಳಿತಿರುವುದರಿಂದ ಹುಟ್ಟಿದವು. (ಹಾಗೆ ಕುಳಿತಿರಲಿ ಎಂದು ಬಯಸುವ ನೌಕರರೂ ಇದ್ದಾರೆ. ನಾನಿಲ್ಲದೆ ನಡೆಯದು ಎಂಬ ಸುಖಕ್ಕೆ ಬಿಡುವನ್ನು ಬಲಿಕೊಡುವವರು.)

ಸರ್ಕಾರಿ ಕಚೇರಿಗಳಲ್ಲಿ ಗಳಿಕೆ ರಜೆಗೆ ಹೊರಡುವ ಮುನ್ನ ಪ್ರಭಾರ ವಹಿಸಿಕೊಡುವ ಹಳೆಯ ಪದ್ಧತಿಯಿದೆ. ನಿಮ್ಮದು ಆರು ಜನರ ಖಾಸಗಿ ಕಚೇರಿಯಾದರೂ ಇದನ್ನು ಎರವಲು ಪಡೆಯಬಹುದು. ಹೊರಡುವ ಹಿಂದಿನ ದಿನ ಅರ್ಧ ಗಂಟೆ ಕುಳಿತು, ಏನು ಬಾಕಿಯಿದೆ, ಯಾವ ಕಾಗದ ಎಲ್ಲಿದೆ, ಯಾರು ಕೇಳಿದರೆ ಏನು ಹೇಳಬೇಕು ಎಂದು ಬರೆದು ಒಬ್ಬರ ಕೈಗೆ ಕೊಡಿ. ಭಾನುವಾರಗಳಿಗೆ ತಿಂಗಳಿಗೊಂದು ಚಾರ್ಟ್ ಬರೆಯಲಿ. ಅಂದು ಫೋನು ಹಿಡಿದಿರುವವರು ಒಬ್ಬರೇ, ಅವರಿಗೆ ಅದಕ್ಕೆ ಭತ್ಯೆ ಅಥವಾ ವಾರದ ನಡುವೆ ಅರ್ಧ ದಿನ ಬಿಡುವು. ಮೇಲಧಿಕಾರಿಯ ಹೆಸರೂ ಆ ಚಾರ್ಟಿನಲ್ಲಿ ಎಲ್ಲರಂತೆ ತನ್ನ ಭಾನುವಾರಕ್ಕೆ ಬರಲಿ. ಆ ತಿಂಗಳು ಎಷ್ಟು ಕರೆ ಬಂದವು, ಅವುಗಳಲ್ಲಿ ಸೋಮವಾರದವರೆಗೆ ಕಾಯಬಹುದಾಗಿದ್ದವು ಎಷ್ಟು ಎಂದು ಅವರೇ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲಿ.