ಪೊಗದಿ, ಶರತ್ತು, ಕೂಟ: ಮೈಸೂರು ಸಂಸ್ಥಾನದಲ್ಲಿ ಸೇನಾವೆಚ್ಚ ಮತ್ತು ಆಂತರಿಕ ರಾಜಕಾರಣ

ಸೇನಾವೆಚ್ಚವನ್ನು ಸಾಮಾನ್ಯವಾಗಿ ಗಡಿರಕ್ಷಣೆಯ ಸಂಗತಿಯೆಂದು ಭಾವಿಸಲಾಗುತ್ತದೆ. ಆದರೆ ಆ ಹಣ ಯಾರಿಂದ ವಸೂಲಾಗುತ್ತದೆ, ಅದಕ್ಕಾಗಿ ಅರಸನು ಯಾರಿಗೆ ಉತ್ತರ ಹೇಳಬೇಕಾಗುತ್ತದೆ ಎಂದು ವಿಚಾರಿಸಿದಾಗ, ಅದು ನಾಡಿನ ಒಳಾಡಳಿತವನ್ನೇ ರೂಪಿಸುವ ಶಕ್ತಿಯಾಗಿ ಗೋಚರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನವು ಇದಕ್ಕೆ ಸ್ಪಷ್ಟ ನಿದರ್ಶನ. ಪೊಗದಿ, ಶರತ್ತು, ಕೂಟ ಎಂಬ ಮೂರು ಮಾತುಗಳಲ್ಲಿ ಆ ಚರಿತ್ರೆ ಅಡಗಿದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದು ಒಪ್ಪಂದ ಮಾಡಿಕೊಂಡಿತು. ಸಂಸ್ಥಾನದ ರಕ್ಷಣೆಗೆ ನಿಲ್ಲುವ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಮಾಸಿಕ ಕಂತುಗಳಲ್ಲಿ ಸಲ್ಲಿಸಬೇಕಾಯಿತು. ಇದೇ ಪೊಗದಿ. ಒಡೆಯರಿಗೆ ಬಿಟ್ಟುಕೊಟ್ಟ ಸೀಮೆಯ ಹುಟ್ಟುವಳಿಯನ್ನು ವಿಭಜನಾ ಒಪ್ಪಂದದ ಪಟ್ಟಿಯು ಸುಮಾರು 13.74 ಲಕ್ಷ ಕಂಠೀರಾಯ ವರಹಗಳೆಂದು ಲೆಕ್ಕಹಾಕಿತ್ತು. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಪೊಗದಿಗೇ ಸಲ್ಲಬೇಕಿತ್ತು. 1807ರ ಪೂರಕ ಒಪ್ಪಂದವು 4000 ಕುದುರೆ ಸವಾರರನ್ನು ಸದಾ ಸಜ್ಜಾಗಿಡುವ ಹೊಣೆಯನ್ನೂ ಸೇರಿಸಿತು. ಹಣ ಮೈಸೂರಿನದು, ಸೈನ್ಯ ಕಂಪನಿಯದು. ಪೊಗದಿಗೆ ಕುಂದು ಬರುವ ಶಂಕೆಯಿದ್ದರೂ ಆಡಳಿತದಲ್ಲಿ ಕೈಹಾಕಲು ಒಪ್ಪಂದವು ಗವರ್ನರ್ ಜನರಲ್‌ನಿಗೆ ಅವಕಾಶವಿತ್ತಿತ್ತು.

ಮಳೆ ತಪ್ಪಬಹುದು, ಬೆಲೆ ಕುಸಿಯಬಹುದು. ಕಂತು ಮಾತ್ರ ತಪ್ಪುವಂತಿರಲಿಲ್ಲ. ನಿಶ್ಚಿತ ವೆಚ್ಚಕ್ಕೆ ನಿಶ್ಚಿತ ಆದಾಯ ಬೇಕಾಯಿತು. ಶರತ್ತು ಪದ್ಧತಿಯು ಅದನ್ನು ಒದಗಿಸುವ ಮಾರ್ಗವಾಗಿ ಬಳಕೆಯಾಯಿತು. ಗೊತ್ತುಪಡಿಸಿದ ಮೊತ್ತವನ್ನು ಕಟ್ಟಿಕೊಡುವುದಾಗಿ ಅಮಲ್ದಾರನು ಒಪ್ಪಿಕೊಳ್ಳುತ್ತಿದ್ದನು. ಕೊರತೆಯಾದರೆ ತಾನೇ ತುಂಬಬೇಕು. ಸಹಜವಾಗಿಯೇ ಆ ಕೊರತೆ ರೈತನ ತಲೆಯ ಮೇಲೆ ಬೀಳುತ್ತಿತ್ತು. ದರ್ಬಾರಿನ ದುಂದುವೆಚ್ಚ, ಅಧಿಕಾರಿಗಳ ಲೋಭಗಳೂ ಇದಕ್ಕೆ ಕಾರಣವಾದ್ದರಿಂದ ಪೊಗದಿಯೊಂದನ್ನೇ ದೂರುವುದು ಸರಿಯಲ್ಲ. ಆದರೆ ರಿಯಾಯಿತಿ ತೋರಬಲ್ಲ ಅರಸನ ಕೈಯನ್ನು ಪೊಗದಿಯು ಕಟ್ಟಿಹಾಕಿತ್ತೆಂಬುದು ಗಮನಾರ್ಹ.

1830-31ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ಕಂದಾಯ ನಿರಾಕರಿಸಿದರು. ಊರ ಒಳಿತು ಕೆಡುಕುಗಳಿಗೆ ಜನ ಕಲೆಯುವ ರೂಢಿಯೇ ಇಲ್ಲಿ ಪ್ರತಿರೋಧದ ರೂಪ ತಾಳಿತು. ನಗರದ ಅರಸುಮನೆತನದ ಉತ್ತರಾಧಿಕಾರಿ ತಾನೆಂದ ಬೂದಿ ಬಸವಪ್ಪನು ಅದರ ಮುಂದಾಳಾದನು. ದಂಗೆಯನ್ನಡಗಿಸಲು ಕಂಪನಿಯ ಸೈನ್ಯ ಬಂದಿತು. ರೈತನ ಕಂದಾಯದಿಂದ ಸಂದಾಯವಾಗುತ್ತಿದ್ದ ರಕ್ಷಣೆಯ ಹಣಕ್ಕೆ ಪ್ರತಿಯಾಗಿ ರೈತನಿಗೆ ದೊರೆತದ್ದು ಇದು. 1831ರಲ್ಲಿ ಬೆಂಟಿಂಕನು ಒಪ್ಪಂದವನ್ನೇ ಆಧಾರವಾಗಿಸಿ ಆಡಳಿತವನ್ನು ವಹಿಸಿಕೊಂಡನು. ಅದು ಮರಳಿ ಒಡೆಯರ ಕೈಸೇರಿದ್ದು ಐವತ್ತು ವರ್ಷಗಳ ಅನಂತರ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದೇ ವರ್ಷದ ಹಸ್ತಾಂತರ ಪತ್ರವು ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಿತು. ಕ್ಷಾಮದಿಂದ ಜರ್ಝರಿತವಾಗಿದ್ದ ಸಂಸ್ಥಾನಕ್ಕೆ ಈ ಏರಿಕೆ ಜಾರಿಯಾದುದು 1896ರಲ್ಲಿ. ಪ್ರಜೆಗಳ ಅಹವಾಲಿಗೆ ಸಭೆಯೇನೋ ದೊರೆಯಿತು, ಪೊಗದಿಯನ್ನು ನಿರ್ಧರಿಸುವ ಅಧಿಕಾರ ಆ ಸಭೆಗಿರಲಿಲ್ಲ. 1927ರಲ್ಲಿ ಘೋಷಿತವಾದ 10.5 ಲಕ್ಷದ ಕಡಿತವು ಮೊತ್ತವನ್ನು ಮತ್ತೆ ಹಳೆಯ 24.5 ಲಕ್ಷಕ್ಕೇ ತಂದು ನಿಲ್ಲಿಸಿತು.

ಸೇನಾವೆಚ್ಚದ ಪ್ರಮಾಣಕ್ಕಿಂತ ಅದನ್ನು ನಿರ್ಧರಿಸುವ ಅಧಿಕಾರ ಯಾರಲ್ಲಿದೆ ಎಂಬುದೇ ಮುಖ್ಯವೆಂದು ಈ ಚರಿತ್ರೆಯಿಂದ ವ್ಯಕ್ತವಾಗುತ್ತದೆ. ತೆರುವವನ ಮಾತಿಗೆ ಎಡೆಯಿಲ್ಲದಲ್ಲಿ ಅರಸನು ಪ್ರಜೆಗಿಂತ ಮೊದಲು ಸೈನ್ಯದ ಒಡೆಯನಿಗೆ ಉತ್ತರ ಹೇಳಬೇಕಾಗುತ್ತದೆ. ಪ್ರಜೆಗೆ ಉಳಿಯುವುದು ಕೂಟವೊಂದೇ.