ಒಬ್ಬರ ದೋಣಿ ಕೊಳ್ಳುವ ಮುನ್ನ
ರಜೆಯಲ್ಲಿ ಭೀಮೆಯ ಮೇಲೆ ದೂರ ಸಾಗಲು ಗಾಳಿ ತುಂಬುವ ಒಬ್ಬರ ದೋಣಿ ಬೇಕೆಂದು ಮಗ ಹಠ ಹಿಡಿದಿದ್ದಾನೆಯೇ ಸಹೋದರೀ? ಬೆಲೆಗಿಂತ ಮೊದಲು ಅದರಲ್ಲಿ ಎಷ್ಟು ಗಾಳಿಕೋಣೆಗಳಿವೆ ಎಂದು ಕೇಳಿರಿ. ಒಂದೇ ಇದ್ದರೆ ಬೇಡವೇ ಬೇಡ. ಅಫಜಲಪುರ, ಜೇವರ್ಗಿಯ ದಡಗಳಲ್ಲಿ ಜಾಲಿಮುಳ್ಳಿಗೇನು ಬರವೇ? ಒಂದು ಕೋಣೆ ತೂತಾದರೂ ಉಳಿದವು ತೇಲಿಸಬೇಕು. ಉದ್ದನೆಯ, ತಳದಲ್ಲಿ ರೆಕ್ಕೆಯಿರುವ ದೋಣಿ ನೇರ ಸಾಗುತ್ತದೆ. ಗಿಡ್ಡದ್ದು ಬುಗುರಿಯಂತೆ ತಿರುಗುತ್ತದೆ. ಅವನ ತೂಕಕ್ಕೆ ಬುತ್ತಿ, ನೀರಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿರಿ. ಜೀವರಕ್ಷಕ ಜಾಕೆಟ್‌ಗೆ ಹಣ ಸಾಲದಿದ್ದರೆ ದೋಣಿಯೂ ಬೇಡ.

ಆಳಂದದವರು ಅಮರ್ಜಾ ಜಲಾಶಯಕ್ಕೆ ಅನುಮತಿಯಿಲ್ಲದೆ ಇಳಿಸಬಾರದು. ಭೀಮೆಯ ಮಾತೇ ಬೇರೆ. ನಮ್ಮಲ್ಲಿ ಮಳೆಯಿಲ್ಲದಿದ್ದರೂ ಮಹಾರಾಷ್ಟ್ರದ ಉಜನಿಯಿಂದ ನೀರು ಬರುತ್ತದೆ. 2020ರ ಅಕ್ಟೋಬರ್ ಪ್ರವಾಹವನ್ನು ಮರೆತವರಾರು? ಸೊನ್ನ ಬ್ಯಾರೇಜಿನ ಗೇಟು ತೆರೆಯುವ ದಿನಗಳಲ್ಲಿ ದೋಣಿ ಅಟ್ಟದ ಮೇಲೇ ಇರಲಿ. ಹಾಂ, ಮಗಳು ಕೇಳಿದರೂ ಇದೇ ಲೆಕ್ಕ.