ಎಣ್ಣೆ, ದೀಪ, ಚಾಪೆ: ಓದುವವರ ಆರೋಗ್ಯದ ಲೆಕ್ಕ

ಹೂವಿನಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಹುಟ್ಟಿದವರು ಎಂ.ಎ. ಓದಬೇಕೆಂದರೆ ಮೊದಲು ಮಾಡಬೇಕಾದ ಕೆಲಸ ಊರು ಬಿಡುವುದು. ತುಂಗಭದ್ರೆಯ ದಂಡೆಯ ಈ ಸೀಮೆಗೆ ಇದು ಹೊಸ ಮಾತಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳೆಲ್ಲ ಮದರಾಸಿನ ಆಡಳಿತದಲ್ಲಿದ್ದವು. ಕಾಲೇಜಿನ ಆಸೆ ಹೊತ್ತವರು ಅನಂತಪುರಕ್ಕೋ ಮದರಾಸಿಗೋ ಹೋಗಬೇಕಿತ್ತು. ಆಮೇಲೆ ಧಾರವಾಡ ಹತ್ತಿರವಾಯಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಹುಟ್ಟಿತು. ಮುಂದೆ ಸಂಡೂರು ಬಳಿಯ ನಂದಿಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವೂ ಬಂತು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾದವು. ದೂರ ಕಡಿಮೆಯಾಯಿತು, ಮನೆ ಬಿಡುವುದು ಮಾತ್ರ ತಪ್ಪಲಿಲ್ಲ.

ಮನೆ ಬಿಟ್ಟವರಿಗೆ ಹೊತ್ತು ಹೊತ್ತಿಗೆ ಅನ್ನ ಹಾಕುವವರು ಯಾರು? ಜ್ವರ ಬಂದರೆ ನೋಡುವವರು ಯಾರು? ರಾತ್ರಿ ನಿದ್ದೆ ಹತ್ತದಿದ್ದರೆ ಯಾರ ಮುಂದೆ ಹೇಳಿಕೊಳ್ಳಬೇಕು? ವಿದ್ಯಾರ್ಥಿಗಳ ಆರೋಗ್ಯ ಎಂದಾಗ ಇಂದಿನ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಜೂನ್ 21ರ ಯೋಗ ದಿನ, ರಕ್ತದಾನ ಶಿಬಿರ, ಜಾಥಾ ಮತ್ತು ಒಂದು ಉಪನ್ಯಾಸ. ಇವು ಬೇಡವೆಂದಲ್ಲ. ಆದರೆ ಮೇಲಿನ ಮೂರು ಪ್ರಶ್ನೆಗಳಿಗೆ ಇವುಗಳಲ್ಲಿ ಉತ್ತರ ಸಿಗುವುದಿಲ್ಲ. ಅಚ್ಚರಿಯ ಸಂಗತಿಯೆಂದರೆ, ಸಾವಿರ ವರ್ಷದ ಹಿಂದೆ ನಮ್ಮ ಶಾಸನಗಳನ್ನು ಬರೆಸಿದವರು ಈ ಪ್ರಶ್ನೆಗಳನ್ನೇ ಮೊದಲು ಎತ್ತಿಕೊಂಡಿದ್ದರು.

ಆ ಕಾಲದ ಕುರುಹುಗಳಿಗೆ ಮಾಗಳದ ಸುತ್ತಮುತ್ತ ಬರವಿಲ್ಲ. ಅಲ್ಲಿನ ಸೂರ್ಯನಾರಾಯಣ ದೇಗುಲವನ್ನು ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ 1896ರಲ್ಲಿ ಪ್ರಕಟವಾದ ತನ್ನ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ನಕ್ಷೆ, ಚಿತ್ರ ಸಮೇತ ದಾಖಲಿಸಿದ. ಹಿರೇಹಡಗಲಿ, ಕುರುವತ್ತಿ, ಬಾಗಳಿ, ನೀಲಗುಂದ ಅದೇ ಪುಸ್ತಕದ ಇತರ ಊರುಗಳು. ಇವುಗಳಲ್ಲಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಅಗ್ರಹಾರವಾಗಿತ್ತು. ಅಗ್ರಹಾರವೆಂದರೆ ಓದುವ, ಓದಿಸುವ ಮಹಾಜನರಿಗೆ ಬಿಟ್ಟುಕೊಟ್ಟ ಊರು. ಅಂದಿನ ದೇವಾಲಯ ಪೂಜೆಗಷ್ಟೇ ಮೀಸಲಾದ ಜಾಗವಾಗಿರಲಿಲ್ಲ. ಎಷ್ಟೋ ಕಡೆ ಪಾಠಶಾಲೆಯೂ ಛತ್ರವೂ ಅದಕ್ಕೆ ಅಂಟಿಕೊಂಡೇ ಇರುತ್ತಿದ್ದವು.

ಈ ಏರ್ಪಾಡು ಹೇಗೆ ನಡೆಯುತ್ತಿತ್ತು ಎಂಬುದನ್ನು ಬಿಡಿಸಿ ಹೇಳುವ ಶಾಸನ ಇನ್ನೂ ಉತ್ತರಕ್ಕೆ, ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿದೆ. ಕಾಲ ಕ್ರಿ.ಶ. 945, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಳ್ವಿಕೆ. ಅವನ ಮಂತ್ರಿ ನಾರಾಯಣ ಎಂಬವನು ಅಲ್ಲೊಂದು ಶಾಲೆ ಕಟ್ಟಿಸಿದ. ಅಲ್ಲಿಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿದುಕೊಳ್ಳಲು 27 ಮನೆಗಳು, ಖರ್ಚಿಗೆ ಭೂಮಿ, ಅದರ ಜೊತೆಗೆ ದೀಪದ ವೆಚ್ಚಕ್ಕೆಂದೇ ಬೇರೆ ಭೂಮಿ. ಅಷ್ಟಕ್ಕೇ ಮುಗಿಯಲಿಲ್ಲ. ಊರಿನಲ್ಲಿ ಮದುವೆಯಾದರೆ ಇಷ್ಟು, ಉಪನಯನಕ್ಕೆ ಅದಕ್ಕಿಂತ ಕಡಿಮೆ, ಚೌಲಕ್ಕೆ ಇನ್ನೂ ಕಡಿಮೆ ಎಂದು ಊರವರು ಶಾಲೆಗೆ ಹಣ ಕೊಡಬೇಕೆಂಬ ಕಟ್ಟಳೆಯೂ ಆಯಿತು. ಇದನ್ನು ದತ್ತಿ ಎನ್ನುವುದಕ್ಕಿಂತ ಮುಂಗಡಪತ್ರ ಎನ್ನುವುದೇ ಸರಿ. ದಾನಿಯ ಮನಸ್ಸು ಬದಲಾದರೂ, ಮಂತ್ರಿ ಸತ್ತರೂ, ಊರಿನಲ್ಲಿ ಮದುವೆಗಳು ನಿಲ್ಲುವುದಿಲ್ಲವಲ್ಲ!

ಚಾಲುಕ್ಯರ ಕಾಲಕ್ಕೆ ಬಂದರೆ ಕಲಬುರಗಿ ಜಿಲ್ಲೆ ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನ ಸಿಗುತ್ತದೆ. 1058ರ ಅದರ ಶಾಸನದಲ್ಲಿ ವಿದ್ಯಾರ್ಥಿಗಳ ಮತ್ತು ಗುರುಗಳ ನಿರ್ವಹಣೆಯ ಜೊತೆಗೆ ಆರು ಜನ ಗ್ರಂಥಪಾಲಕರ ಪ್ರಸ್ತಾಪವೂ ಇದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನ, ವ್ಯಾಕರಣ, ತರ್ಕ, ಕಾವ್ಯಗಳನ್ನು ಕಲಿಸುತ್ತಿದ್ದ ಅದೇ ಜಾಗ ಹಸಿದವರಿಗೆ ಅನ್ನ ಇಡುವ, ರೋಗಿಗಳಿಗೆ ಔಷಧ ಕೊಡುವ ಸ್ಥಳವೂ ಆಗಿತ್ತೆಂದು ಹೇಳುತ್ತದೆ.

ಆದರೆ ವಿದ್ಯಾರ್ಥಿಯ ಮೈಯ ಬಗ್ಗೆ ಇವೆಲ್ಲಕ್ಕಿಂತ ಹೆಚ್ಚು ಕಾಳಜಿ ಕಾಣುವುದು ಕನ್ನಡ ನಾಡಿನ ಆಚೆ, ಕಾಂಚೀಪುರಕ್ಕೆ ದೂರವಲ್ಲದ ತಿರುಮುಕ್ಕೂಡಲಿನಲ್ಲಿ. ಹನ್ನೊಂದನೆಯ ಶತಮಾನದ ಉತ್ತರಾರ್ಧದ, ಚೋಳ ದೊರೆ ವೀರರಾಜೇಂದ್ರನ ಶಾಸನ ಅದು. ದೇವಾಲಯಕ್ಕೆ ಸೇರಿದ ಪಾಠಶಾಲೆ, ಅದಕ್ಕೊಂದು ವಿದ್ಯಾರ್ಥಿನಿಲಯ, ಪಕ್ಕದಲ್ಲಿ 15 ಹಾಸಿಗೆಗಳ ಆಸ್ಪತ್ರೆ. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ತರುವವರು, ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ. ಪ್ರತಿಯೊಬ್ಬರಿಗೂ ಸಲ್ಲಬೇಕಾದ ಸಂಬಳ ಕಲ್ಲಿನ ಮೇಲೇ ಇದೆ. ವರ್ಷದಲ್ಲಿ 51 ಶನಿವಾರ ವಿದ್ಯಾರ್ಥಿಗಳ ಅಭ್ಯಂಜನಕ್ಕೆ ಎಣ್ಣೆ, ಮಲಗಲು ಚಾಪೆ, ರಾತ್ರಿ ಉರಿಸಲು ದೀಪದೆಣ್ಣೆ, ಇವಕ್ಕೂ ಲೆಕ್ಕವಿದೆ. ಓದುವವನಿಗೆ ತಲೆ ಮಾತ್ರವಲ್ಲ, ಎಣ್ಣೆ ಹಚ್ಚಬೇಕಾದ ಮೈಯೂ ಇದೆ ಎಂಬುದನ್ನು ಬರೆಸಿದವರು ಮರೆತಿರಲಿಲ್ಲ.

ಇದನ್ನೆಲ್ಲ ಓದಿ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರು ಬಿಡುವಂತಿಲ್ಲ. ಆ ಚಾಪೆಯ ಮೇಲೆ ಮಲಗುವ ಹಕ್ಕು ಕೆಲವೇ ಜಾತಿಗಳ ಗಂಡುಮಕ್ಕಳದು. ದೀಪದೆಣ್ಣೆಗೆ ಭೂಮಿ ಉತ್ತವರ ಮಕ್ಕಳು ಆ ದೀಪದ ಬೆಳಕಿಗೆ ಬರುವಂತಿರಲಿಲ್ಲ. ಅವರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ನಿಧಾನವಾಗಿ.

ನಡುವಿನ ದಾರಿ ವಾರಾನ್ನದ್ದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಊಟ ಉಂಡು ಓದಿದವರ ಹೆಸರುಗಳು ಕನ್ನಡದ ಆತ್ಮಕಥೆಗಳಲ್ಲಿ ಬೇಕಾದಷ್ಟಿವೆ. ಒಂದು ಮನೆಯಲ್ಲಿ ಸೂತಕವಾದರೆ ಅಂದು ಉಪವಾಸ. ಈ ಹಂಗನ್ನು ತಪ್ಪಿಸಿದ್ದು ಮಠಗಳ ಉಚಿತ ಪ್ರಸಾದ ನಿಲಯಗಳು, ಸಮುದಾಯಗಳ ವಿದ್ಯಾರ್ಥಿನಿಲಯಗಳು, ಮತ್ತು ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಸರ್ಕಾರ ವಿಸ್ತರಿಸಿದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು. ಇವೂ ಇಲ್ಲದ ಕಡೆ ಉತ್ತರ ಕರ್ನಾಟಕದವರು ಕಂಡುಕೊಂಡ ಉಪಾಯ ಬುತ್ತಿ. ಬೆಳಗಿನ ಬಸ್ಸಿಗೆ ಊರಿನ ತಾಯಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಟ್ಟರೆ ಕಂಡಕ್ಟರು ಅದನ್ನು ಪಟ್ಟಣದ ನಿಲ್ದಾಣದಲ್ಲಿ ಕಾಯುವ ಮಗನ ಕೈಗೆ ಮುಟ್ಟಿಸುತ್ತಿದ್ದ. ಮನೆಯವರಿಗೆ ಮಗನ ಆರೋಗ್ಯದ ಸುದ್ದಿ ತಿಳಿಯುತ್ತಿದ್ದದ್ದೂ ಖಾಲಿಯಾಗಿ ಬಂದ, ಇಲ್ಲವೇ ಹಾಗೇ ಉಳಿದು ಬಂದ ಆ ಗಂಟಿನಿಂದಲೇ.

ವಿದ್ಯಾರ್ಥಿ ಕಾಯಿಲೆ ಬಿದ್ದಾಗ ಯಾರಾದರೂ ಗಮನಿಸಿದರೆ ಏನಾಗಬಹುದು ಎಂಬುದಕ್ಕೆ ಕುವೆಂಪು ಅವರ ನಿದರ್ಶನವಿದೆ. ಮೈಸೂರಿನಲ್ಲಿ ಓದುತ್ತಿದ್ದ ಅವರು ಬಾಡಿಗೆ ಕೋಣೆಯಲ್ಲಿ ಕಾಯಿಲೆಯಿಂದ ನರಳುತ್ತಿದ್ದಾಗ ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. 1929ರಲ್ಲಿ ಎಂ.ಎ. ಮುಗಿಸುವಾಗಲೂ ಅವರು ಅಲ್ಲಿಯೇ ಇದ್ದರು. ಎಲ್ಲರಿಗೂ ಅಂಥ ಸ್ವಾಮಿಗಳು ಸಿಗುವುದಿಲ್ಲ. ಅದಕ್ಕೇ ಏರ್ಪಾಡು ಬೇಕಾಗುತ್ತದೆ. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜು 1861ರಲ್ಲೇ ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯನನ್ನು ಆರೋಗ್ಯ ಮತ್ತು ವ್ಯಾಯಾಮದ ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತು. ವಿದ್ಯಾರ್ಥಿಗಳ ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ವರ್ಷ ವರ್ಷವೂ ಬರೆದಿಡುವುದು ಆತನ ಕೆಲಸದ ಭಾಗವಾಗಿತ್ತು.

ಇಂದಿನ ಸಂಶೋಧನಾ ವಿದ್ಯಾರ್ಥಿಯ ಕಷ್ಟ ಅಳತೆಪಟ್ಟಿಗೆ ಸುಲಭವಾಗಿ ಸಿಗುವಂಥದಲ್ಲ. 2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು 26 ದೇಶಗಳ 2,279 ವಿದ್ಯಾರ್ಥಿಗಳನ್ನು ಮಾತಾಡಿಸಿತ್ತು. ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ಮಾಡುತ್ತಿದ್ದವರು. ಶೇ 41 ಮಂದಿಯಲ್ಲಿ ಮಧ್ಯಮ ಇಲ್ಲವೇ ತೀವ್ರ ಆತಂಕ, ಶೇ 39 ಮಂದಿಯಲ್ಲಿ ಅದೇ ಪ್ರಮಾಣದ ಖಿನ್ನತೆ ಕಂಡಿತು. ಸಾಮಾನ್ಯ ಜನರಲ್ಲಿ ಇದು ಶೇ 6ರಷ್ಟು. ತಾವಾಗಿ ಉತ್ತರಿಸಲು ಮುಂದೆ ಬಂದವರ ಸಮೀಕ್ಷೆ ಅದಾದ್ದರಿಂದ ಅಂಕಿಗಳನ್ನು ತುಸು ಎಚ್ಚರದಿಂದ ನೋಡಬೇಕು. ಆದರೂ ಮಾರ್ಗದರ್ಶಕರೊಂದಿಗೆ ಸಂಬಂಧ ಚೆನ್ನಾಗಿರುವವರಲ್ಲಿ ತೊಂದರೆ ಕಡಿಮೆ ಎಂಬ ಅದರ ಮಾತು ನಮ್ಮ ವಿಭಾಗಗಳ ಕಾರಿಡಾರಿನಲ್ಲಿ ನಿಂತವರಿಗೂ ಗೊತ್ತಿರುವಂಥದ್ದೇ.

ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬಿ.ಎ. ವಿದ್ಯಾರ್ಥಿಗೆ ಪರೀಕ್ಷೆಯ ದಿನಾಂಕವಿರುತ್ತದೆ, ಪಕ್ಕದ ಬೆಂಚಿನಲ್ಲಿ ಗೆಳೆಯರಿರುತ್ತಾರೆ. ಪಿಎಚ್.ಡಿ.ಗೆ ಹಾಗಲ್ಲ. ವಿಷಯ ಒಬ್ಬರದೇ, ವರ್ಷಗಳೂ ಒಬ್ಬರದೇ. ಪ್ರಗತಿ ವರದಿಗೆ, ಶಿಷ್ಯವೇತನದ ಅರ್ಜಿಗೆ, ಪ್ರಬಂಧ ಸಲ್ಲಿಕೆಗೆ, ಎಲ್ಲಕ್ಕೂ ಒಬ್ಬರೇ ಮಾರ್ಗದರ್ಶಕರ ಸಹಿ. ಆ ಒಬ್ಬರಿಂದಲೇ ಕಿರುಕುಳವಾದರೆ ದೂರು ಕೊಡುವ ಧೈರ್ಯ ಎಲ್ಲಿಂದ ಬರಬೇಕು? ಇತ್ತ ವಯಸ್ಸು ಇಪ್ಪತ್ತೆಂಟು ದಾಟಿರುತ್ತದೆ. ಊರಿನಲ್ಲಿ ಓರಗೆಯವರು ಮನೆ ಕಟ್ಟಿರುತ್ತಾರೆ. ಹಬ್ಬಕ್ಕೆ ಹೋದರೆ ‘ಇನ್ನೂ ಓದೋದು ಮುಗಿಲಿಲ್ಲೇನಪಾ?’ ಎಂದು ಕೇಳುವ ಕಾಕಾ, ಹೆಣ್ಣುಮಗಳಾದರೆ ಮದುವೆಯ ಮಾತು ತೆಗೆಯುವ ದೊಡ್ಡಮ್ಮ. ಕ್ರಮೇಣ ಹಬ್ಬಕ್ಕೆ ಹೋಗುವುದೇ ನಿಲ್ಲುತ್ತದೆ.

ಇದಕ್ಕೆಲ್ಲ ತಳಪಾಯದಂತಿರುವುದು ಹಣ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರ ಶಿಷ್ಯವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಆದರೆ ಅದು ಸಿಗುವುದು ಕೆಲವರಿಗೆ. ಉಳಿದವರು ನೆಚ್ಚಿಕೊಂಡಿರುವುದು ವಿಶ್ವವಿದ್ಯಾಲಯ ಅಥವಾ ಸರ್ಕಾರದ ಇಲಾಖೆಗಳ ಸಣ್ಣ ಮೊತ್ತಗಳನ್ನು. ಹಂಪಿ ಕನ್ನಡ ವಿಶ್ವವಿದ್ಯಾಲಯ ಪದವಿ ತರಗತಿಗಳಿಗಿಂತ ಸಂಶೋಧನೆಗೆಂದೇ ಹುಟ್ಟಿದ ಸಂಸ್ಥೆ. 2020ರ ನಂತರದ ವರ್ಷಗಳಲ್ಲಿ ಅದರ ಅನುದಾನದ ಕೊರತೆ ನಾಡಿನ ಸುದ್ದಿಯಾಯಿತು. ಪರಿಶಿಷ್ಟ ಜಾತಿ, ಪಂಗಡಗಳ ಸಂಶೋಧನಾ ವಿದ್ಯಾರ್ಥಿಗಳು ಬಾಕಿ ಶಿಷ್ಯವೇತನಕ್ಕಾಗಿ ಪ್ರತಿಭಟನೆ ನಡೆಸಿದರು. ಪತ್ರಿಕೆಗಳಲ್ಲಿ ಇಂಥದ್ದು ಶಿಕ್ಷಣದ ಸುದ್ದಿಯಾಗಿ ಅಚ್ಚಾಗುತ್ತದೆ. ವಾಸ್ತವದಲ್ಲಿ ಅದು ಆರೋಗ್ಯದ ಸುದ್ದಿ. ಶಿಷ್ಯವೇತನ ನಾಲ್ಕು ತಿಂಗಳು ತಡವಾದರೆ ಮೊದಲು ನಿಲ್ಲುವುದು ಮೆಸ್ಸಿನ ಊಟ. ಬೆಳಗಿನ ತಿಂಡಿಯ ಜಾಗಕ್ಕೆ ಚಹಾ ಬರುತ್ತದೆ, ರಾತ್ರಿಯ ಊಟದ ಜಾಗಕ್ಕೆ ಮಂಡಕ್ಕಿ, ಮಿರ್ಚಿ. ಹೊಟ್ಟೆಯುರಿ, ತಲೆನೋವು ಶುರುವಾದರೂ ವೈದ್ಯರ ಹತ್ತಿರ ಹೋಗದೆ ಔಷಧದ ಅಂಗಡಿಯ ಗುಳಿಗೆಯಲ್ಲೇ ದಿನ ಸಾಗುತ್ತದೆ. ಹೆಣ್ಣುಮಕ್ಕಳಲ್ಲಿ ಇದರ ಪೆಟ್ಟು ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ. ಸುಸ್ತು, ಮರೆವು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇವನ್ನು ಸೋಮಾರಿತನವೆಂದು ಬೈಯುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಅಗ್ಗದ ದಾರಿ.

ಹಣದ ತೊಂದರೆ ಅಷ್ಟಾಗಿ ಇಲ್ಲದ ಕಡೆಯೂ ಎಲ್ಲ ಸರಿ ಎಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2021ರಲ್ಲಿ ವಿದ್ಯಾರ್ಥಿಗಳ ಸಾವುಗಳು ಸಂಭವಿಸಿದ ಮೇಲೆ ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನುಗಳನ್ನು ತೆಗೆಸಲಾಯಿತು. ಸಾಧನ ಕೈಗೆ ಸಿಗದಂತೆ ಮಾಡಿದರೆ ದುಡುಕಿನ ಗಳಿಗೆ ದಾಟಬಹುದೆಂಬುದು ತಜ್ಞರೂ ಒಪ್ಪುವ ತತ್ವವೇ. ಆದರೆ ಕೋಣೆಯ ಫ್ಯಾನು ಬದಲಾದರೆ ಪ್ರಯೋಗಾಲಯದ ದಿನಚರಿ ಬದಲಾಗುತ್ತದೆಯೇ ಎಂಬ ಪ್ರಶ್ನೆ ಆಗಲೇ ಕೇಳಿಬಂತು. ಪ್ರಶ್ನೆ ನ್ಯಾಯವಾದುದು.

ನಿಯಮಗಳು ಈಗ ಕಡಿಮೆ ಏನಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2023ರಲ್ಲಿ ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅದೇ ಜುಲೈ ತಿಂಗಳಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳಬೇಕೆಂದು ಹೇಳಿತು. ಅಂಥವರು ಬಂದರೆ ಒಳ್ಳೆಯದೇ. ಆದರೆ ಅತಿಥಿ ಉಪನ್ಯಾಸಕರಂತೆ ವರ್ಷವರ್ಷ ಬದಲಾಗುವವರೋ, ಕುಲಸಚಿವರ ಕಚೇರಿಯ ಪಕ್ಕದ ಕೋಣೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಕೂರುವವರೋ ಆದರೆ ಆ ಬಾಗಿಲು ತಟ್ಟುವವರು ಕಡಿಮೆ. ಸಮಾಲೋಚಕರು ವಿಭಾಗದ ಅಧೀನರಾಗಿರಬಾರದು, ಕೇಳಿದ ಮಾತು ಮಾರ್ಗದರ್ಶಕರ ಕಿವಿಗೆ ಹೋಗಬಾರದು, ಹೆಣ್ಣುಮಕ್ಕಳಿಗೆ ಬೇಕೆಂದರೆ ಮಹಿಳೆಯೇ ಸಿಗಬೇಕು. ಮಾರ್ಗದರ್ಶಕರನ್ನು ಬದಲಿಸಿಕೊಳ್ಳುವ ದಾರಿಯೂ ಅವಮಾನವಿಲ್ಲದೆ ತೆರೆದಿರಬೇಕು. ಇವುಗಳ ಜೊತೆ ಶಿಷ್ಯವೇತನ ತಿಂಗಳಿಗೆ ಸರಿಯಾಗಿ ಕೈಸೇರಿದರೆ ಯೋಗ ದಿನದ ಜಮಖಾನೆಯ ಮೇಲೂ ಮನಸ್ಸು ಸ್ವಲ್ಪ ನಿಲ್ಲಬಹುದು.

ಅಲ್ಲಿಯವರೆಗೆ ಊರಿನಿಂದ ದೂರ, ಕೋಣೆಯಲ್ಲಿ ಒಬ್ಬರೇ ಇರುವವರಿಗೆ ಒಂದು ದಾರಿ ಫೋನಿನದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.